ಕಟ್ಟಡದ ಒಳಗಿನ ಗಾಳಿ, ಬಿಸಿ, ಸದ್ದು: ಒಂದು ಪ್ರಬಂಧಕ್ಕೆ ಎಷ್ಟು ಹಿಡಿಯಬೇಕು?

ಕಡೇ ಸೆಮಿಸ್ಟರ್:

ಎಲ್ಲರಿಗೂ ನಮಸ್ಕಾರ. ಫೆಸಿಲಿಟಿ ಮ್ಯಾನೇಜ್‌ಮೆಂಟ್ (ಕಟ್ಟಡಗಳ ನಿರ್ವಹಣೆ) ಓದುತ್ತಿದ್ದೇನೆ, ಇದು ಕೊನೆಯ ಸೆಮಿಸ್ಟರ್. ಪ್ರಬಂಧಕ್ಕೆ ನಾನು ಕೊಟ್ಟ ವಿಷಯ "ಕಚೇರಿ ಕಟ್ಟಡಗಳ ಒಳ ವಾತಾವರಣ ಮತ್ತು ನೌಕರರ ಕಾರ್ಯಕ್ಷಮತೆ". ಗೈಡ್ ನೋಡಿ, "ತುಂಬಾ ದೊಡ್ಡದಾಯಿತು, ಸಣ್ಣದು ಮಾಡಿಕೊಂಡು ಬಾ" ಎಂದರು. ಎಲ್ಲಿ ಕತ್ತರಿಸಬೇಕು ಅನ್ನುವುದೇ ಗೊತ್ತಾಗುತ್ತಿಲ್ಲ.

ಒಂದು ಕಚೇರಿ ಕಟ್ಟಡದಲ್ಲಿ ಅಳತೆ ಮಾಡಲು ಅನುಮತಿ ಸಿಕ್ಕಿದೆ. ಸೆಂಟ್ರಲ್ ಎಸಿ ಇರುವ ಕಟ್ಟಡ. ಕಿಟಕಿಗಳು ತೆರೆಯುವುದಿಲ್ಲ. ಕಾಲೇಜಿನಿಂದ ಒಂದಷ್ಟು ಕಾರ್ಬನ್ ಡೈಆಕ್ಸೈಡ್ ಸೆನ್ಸರ್, ಉಷ್ಣಾಂಶ ಮತ್ತು ತೇವಾಂಶ ದಾಖಲಿಸುವ ಲಾಗರ್, ಬೆಳಕು ಅಳೆಯುವ ಒಂದು ಲಕ್ಸ್ ಮೀಟರ್ ಸಿಗುತ್ತವೆ. ನೌಕರರಿಗೆ ಪ್ರಶ್ನಾವಳಿ ಕೊಡಬಹುದು ಎಂದಿದ್ದಾರೆ.

ಗಾಳಿ, ಬೆಳಕು, ಬಿಸಿ, ಸದ್ದು ಎಲ್ಲವನ್ನೂ ಅಳೆಯುವ ಆಸೆ ಇದೆ. ಆದರೆ ಎಲ್ಲ ಅಳೆದು ಕೊನೆಗೆ ಏನೂ ಹೇಳಲಾಗದೆ ಹೋದರೆ ಅನ್ನುವ ಭಯವೂ ಇದೆ. ಈ ಕ್ಷೇತ್ರದಲ್ಲಿ ಕೆಲಸ ಮಾಡಿದವರು ದಾರಿ ತೋರಿಸಿ.

ಗೈಡ್ ಮೇಷ್ಟ್ರು:

ನಿಮ್ಮ ಗೈಡ್ ಹೇಳಿದ್ದು ಸರಿ. ನಾನೂ ಇದೇ ವಿಷಯದಲ್ಲಿ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡುತ್ತೇನೆ. ಪ್ರತಿ ವರ್ಷವೂ ಇದೇ ಶೀರ್ಷಿಕೆ ಬರುತ್ತದೆ. ಮೊದಲು ಆ "ಕಾರ್ಯಕ್ಷಮತೆ" ತೆಗೆದುಬಿಡಿ. ಕಚೇರಿ ಕೆಲಸದ ಕ್ಷಮತೆಯನ್ನು ಹೊರಗಿನವರು ಒಂದು ಸೆಮಿಸ್ಟರ್‌ನಲ್ಲಿ ಅಳೆಯುವುದು ಆಗದ ಮಾತು. ಜನರನ್ನೇ ಕೇಳಿದರೆ ಅವರಿಗೆ ಅನ್ನಿಸಿದ್ದು ಸಿಗುತ್ತದೆ. ಅದಕ್ಕೂ ಬೆಲೆ ಇದೆ, ಆದರೆ ಅದನ್ನು ಕ್ಷಮತೆ ಎಂದು ಕರೆಯಬಾರದು.

ಇದಕ್ಕೆ ಹಳೆಯ ಪಾಠ ಒಂದಿದೆ. ಅಮೆರಿಕದ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ ಬೆಳಕಿನ ಪ್ರಯೋಗಗಳು ನಡೆದವು. ಬೆಳಕು ಹೆಚ್ಚಿಸಿದರೂ ಉತ್ಪಾದನೆ ಏರಿತು, ಕಡಿಮೆ ಮಾಡಿದರೂ ಏರಿತು ಎಂದು ಪಠ್ಯಪುಸ್ತಕಗಳು ಹೇಳುತ್ತಾ ಬಂದವು. ತಮ್ಮನ್ನು ಯಾರೋ ಗಮನಿಸುತ್ತಿದ್ದಾರೆ ಎಂಬ ಕಾರಣಕ್ಕೇ ಜನ ಚೆನ್ನಾಗಿ ಕೆಲಸ ಮಾಡಿದರು ಎಂಬುದು ಅದಕ್ಕೆ ಕೊಟ್ಟ ವಿವರಣೆ. 2011ರಲ್ಲಿ ಲೆವಿಟ್ ಮತ್ತು ಲಿಸ್ಟ್ ಎಂಬ ಅರ್ಥಶಾಸ್ತ್ರಜ್ಞರು ಆ ಮೂಲ ಅಂಕಿಗಳನ್ನು ಹುಡುಕಿ ತೆಗೆದು ಮತ್ತೆ ಲೆಕ್ಕ ಹಾಕಿದರು. ಬೆಳಕಿನ ಬದಲಾವಣೆ ಮಾಡುತ್ತಿದ್ದದ್ದು ಭಾನುವಾರ. ಹೋಲಿಕೆ ಆಗುತ್ತಿದ್ದದ್ದು ಶನಿವಾರಕ್ಕೂ ಸೋಮವಾರಕ್ಕೂ. ಬೆಳಕು ಬದಲಾಗದ ವಾರಗಳಲ್ಲೂ ಸೋಮವಾರ ಉತ್ಪಾದನೆ ಹೆಚ್ಚೇ ಇತ್ತು! ಅಷ್ಟು ಪ್ರಸಿದ್ಧವಾದ ಪರಿಣಾಮದಲ್ಲಿ ವಾರದ ದಿನದ ಪಾಲೇ ದೊಡ್ಡದು.

ಹಾಗಾಗಿ ನನ್ನ ಸಲಹೆ: ಒಂದು ಜಾಗ, ಒಂದು ತೊಂದರೆ, ಒಂದು ಪ್ರಶ್ನೆ. ಆ ಪ್ರಶ್ನೆಯ ಉತ್ತರ ಕಟ್ಟಡ ನಡೆಸುವವರಿಗೆ ನಾಳೆ ಬೆಳಿಗ್ಗೆ ಕೆಲಸಕ್ಕೆ ಬರಬೇಕು. ಹಾಗಿದ್ದರೆ ಪ್ರಬಂಧ ಗೆದ್ದ ಹಾಗೆ.

ಪ್ಲಾಂಟ್ ರೂಮ್:

ನಾನು ಓದಿಸುವವನಲ್ಲ. ಕಟ್ಟಡ ನಡೆಸುವವನು. ಚಿಲ್ಲರ್ (ಎಸಿಗೆ ನೀರು ತಂಪು ಮಾಡುವ ಯಂತ್ರ), ಎಎಚ್‌ಯು (ಗಾಳಿಯನ್ನು ಸೋಸಿ, ತಂಪು ಮಾಡಿ ಮಹಡಿಗೆ ಕಳಿಸುವ ಯಂತ್ರ), ಪಂಪು, ಲಿಫ್ಟು ಎಲ್ಲ ನಮ್ಮ ತಂಡದ್ದೇ. ಒಂದು ಮಾತು ಹೇಳುತ್ತೇನೆ, ದಯವಿಟ್ಟು ಕೇಳಿ.

ಸೆನ್ಸರ್ ಇಡುವ ಮೊದಲು ಆ ಕಟ್ಟಡದ ಕಂಪ್ಲೇಂಟ್ ರಿಜಿಸ್ಟರ್ ಕೇಳಿ ತೆಗೆದುಕೊಳ್ಳಿ. ಪುಸ್ತಕದಲ್ಲಿ ಇರಬಹುದು, ಕಂಪ್ಯೂಟರ್‌ನಲ್ಲಿ ಇರಬಹುದು. ಒಂದು ವರ್ಷದ್ದು ಸಾಕು. ಯಾವ ಮಹಡಿ, ಯಾವ ಮೂಲೆ, ಎಷ್ಟು ಹೊತ್ತಿಗೆ, ಏನು ದೂರು ಅಂತ ಒಂದು ಪಟ್ಟಿ ಮಾಡಿ. ಅದೇ ಎರಡು ಮೂರು ಜಾಗ, ಅದೇ ಹೊತ್ತು ಮತ್ತೆ ಮತ್ತೆ ಬರುವುದು ಕಾಣುತ್ತದೆ. ನಿಮ್ಮ ಪ್ರಶ್ನೆ ಅಲ್ಲೇ ಕೂತಿದೆ.

ಆಮೇಲೆ ಮಹಡಿಯಲ್ಲಿ ಸುಮ್ನೆ ಒಂದು ಸುತ್ತು ಹಾಕಿ, ತಲೆ ಎತ್ತಿ ಸೀಲಿಂಗ್ ನೋಡಿ. ತಂಪು ಗಾಳಿ ಬರುವ ಡಿಫ್ಯೂಸರ್‌ಗೆ ರಟ್ಟು ಇಟ್ಟು ಟೇಪ್ ಅಂಟಿಸಿದ್ದಾರಾ? ಹಾಗಿದ್ದರೆ ಅಲ್ಲಿ ಕೆಳಗೆ ಕೂರುವವರಿಗೆ ಚಳಿ. ಅಲ್ಲಿ ಹೋಗಬೇಕಾದ ಗಾಳಿ ಪಕ್ಕದ ಡಿಫ್ಯೂಸರ್‌ನಲ್ಲಿ ನುಗ್ಗುತ್ತದೆ, ಪಕ್ಕದವರಿಗೂ ಚಳಿ ಶುರು. ಥರ್ಮೋಸ್ಟಾಟ್ ಎಲ್ಲಿದೆ ನೋಡಿ. ಪ್ರಿಂಟರ್ ಪಕ್ಕದ ಗೋಡೆಯಲ್ಲಿದ್ದರೆ ಅದು ಪ್ರಿಂಟರ್‌ನ ಬಿಸಿಯನ್ನೇ ಅಳೆದು ಇಡೀ ಹಾಲ್‌ಗೆ ತಂಪು ಕಳಿಸುತ್ತಿರುತ್ತದೆ. ಮೇಜಿನ ಕೆಳಗೆ ಹೀಟರ್, ಕುರ್ಚಿ ಮೇಲೆ ಶಾಲು, ಎಲ್ಲವನ್ನೂ ಬರೆದುಕೊಳ್ಳಿ. ಬಾಯಿ ಬಿಟ್ಟು ದೂರು ಕೊಡದವರ ದೂರು ಅವು.

ವಿದ್ಯಾರ್ಥಿಗಳು ಬರುತ್ತಾರೆ, ಸೆನ್ಸರ್ ಇಡುತ್ತಾರೆ, ಹೋಗುತ್ತಾರೆ. ನಮ್ಮನ್ನು ಒಂದು ಮಾತು ಕೇಳುವವರು ಕಡಿಮೆ. ಎಎಚ್‌ಯು ಎಷ್ಟು ಹೊತ್ತಿಗೆ ಆನ್ ಆಗುತ್ತದೆ, ಫಿಲ್ಟರ್ ಯಾವಾಗ ಬದಲಾಯಿತು, ಹೊರಗಿನ ಗಾಳಿಯ ಡ್ಯಾಂಪರ್ (ಗಾಳಿಯನ್ನು ಬಿಡುವ, ತಡೆಯುವ ಎಲೆಗಳಿರುವ ಬಾಗಿಲು) ಎಷ್ಟು ತೆರೆದಿದೆ ಅನ್ನುವುದು ನಮಗೆ ಗೊತ್ತು. ಅದು ಗೊತ್ತಿಲ್ಲದೆ ನಿಮ್ಮ ಗ್ರಾಫ್‌ಗೆ ಅರ್ಥ ಬರಲ್ಲ.

ಗೈಡ್ ಮೇಷ್ಟ್ರು:

ಪ್ಲಾಂಟ್ ರೂಮ್ ಅವರೇ, ಈ ಮಾತನ್ನು ನಾನು ನಮ್ಮ ವಿದ್ಯಾರ್ಥಿಗಳಿಗೆ ಓದಿ ಹೇಳುತ್ತೇನೆ. ಬ್ರಿಟನ್‌ನಲ್ಲಿ 1995ರಿಂದ 2002ರವರೆಗೆ ಪ್ರೋಬ್ ಎಂಬ ಅಧ್ಯಯನ ಸರಣಿ ನಡೆಯಿತು. ಕಟ್ಟಿ, ಜನ ಬಂದು ಕೂತ ಮೇಲೆ ಆ ಕಟ್ಟಡ ನಿಜಕ್ಕೂ ಹೇಗೆ ನಡೆಯುತ್ತಿದೆ ಎಂದು ಒಂದೊಂದೇ ಕಟ್ಟಡಕ್ಕೆ ಹೋಗಿ ನೋಡಿದರು. ವಿದ್ಯುತ್ ಬಳಕೆ ವಿನ್ಯಾಸದಲ್ಲಿ ಹೇಳಿದ್ದಕ್ಕಿಂತ ಜಾಸ್ತಿ, ಕಂಟ್ರೋಲ್‌ಗಳು ನಡೆಸುವವರ ಕೈಗೆ ಎಟುಕದಷ್ಟು ಜಟಿಲ, ಇದು ಅವರಿಗೆ ಮತ್ತೆ ಮತ್ತೆ ಕಂಡ ಸಂಗತಿ. ನಡೆಸುವವರ ಜೊತೆ ಕೂತು ಮಾತಾಡಿದ್ದರಿಂದಲೇ ಅದು ಕಂಡಿತು.

ಗಾಳಿ ಲೆಕ್ಕ:

ಕಾರ್ಬನ್ ಡೈಆಕ್ಸೈಡ್ ಸೆನ್ಸರ್ ಇದೆ ಅಂದಿರಲ್ಲ, ಅದರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಇದನ್ನು ಹೆಚ್ಚಿನವರು "ಗಾಳಿಯ ಗುಣಮಟ್ಟ" ಎಂದು ಓದುತ್ತಾರೆ. ಹಾಗಲ್ಲ. ನಾವು ಉಸಿರು ಬಿಟ್ಟಷ್ಟನ್ನು ಹೊರಗಿನ ಗಾಳಿ ಎಷ್ಟರ ಮಟ್ಟಿಗೆ ತೊಳೆಯುತ್ತಿದೆ ಅನ್ನುವುದನ್ನಷ್ಟೇ ಅದು ಹೇಳುತ್ತದೆ. ಹೊಸ ಪೇಂಟ್‌ನ ವಾಸನೆ, ಧೂಳು, ಪ್ರಿಂಟರ್‌ನ ಕಣ ಇವು ಯಾವುದೂ ಅದಕ್ಕೆ ಕಾಣುವುದಿಲ್ಲ.

ಎಲ್ಲರೂ ಹೇಳುವ 1000 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ ಸಾವಿರ ಪಾಲು) ಎಂಬ ಮಿತಿ ಎಲ್ಲಿಂದ ಬಂತು ಗೊತ್ತೇ? 1858ರಲ್ಲಿ ಮ್ಯೂನಿಕ್‌ನ ಮ್ಯಾಕ್ಸ್ ಫಾನ್ ಪೆಟ್ಟೆನ್‌ಕೋಫರ್ ಕೊಟ್ಟ ಮಿತಿ ಅದು. ಆ ಮಟ್ಟದ ಅನಿಲವೇ ವಿಷ ಎಂದು ಅವರು ಹೇಳಲಿಲ್ಲ. ಜನರ ಮೈ ಮತ್ತು ಉಸಿರಿನಿಂದ ಗಾಳಿ ಎಷ್ಟು ಹಳಸಿದೆ ಎಂಬುದಕ್ಕೆ ಅದನ್ನು ಗುರುತಾಗಿ ಬಳಸಿದರು. ಇಂದಿಗೂ ಅದರ ಕೆಲಸ ಅಷ್ಟೇ. ಇನ್ನೊಂದು ವಿಷಯವಿದೆ. ಆ ಕಾಲಕ್ಕೆ ಹೊರಗಿನ ಗಾಳಿಯಲ್ಲಿ 300ಕ್ಕಿಂತ ಕಡಿಮೆ ಇತ್ತು, ಈಗ 420 ದಾಟಿದೆ. ಅಂದರೆ ಅದೇ 1000ದ ಒಳಗೆ ಇರಬೇಕಾದರೆ ಇಂದು ಹೆಚ್ಚು ಹೊರಗಾಳಿ ಬೇಕು. ಆದ್ದರಿಂದ ಒಳಗಿನ ಅಂಕಿಯನ್ನು ಮಾತ್ರ ಬರೆಯಬೇಡಿ. ಹೊರಗೂ ಒಂದು ಸೆನ್ಸರ್ ಇಟ್ಟು, ವ್ಯತ್ಯಾಸ ಬರೆಯಿರಿ.

ಕೂತು ಕೆಲಸ ಮಾಡುವ ಒಬ್ಬ ವ್ಯಕ್ತಿ ಸೆಕೆಂಡಿಗೆ ಸುಮಾರು 0.005 ಲೀಟರ್ ಕಾರ್ಬನ್ ಡೈಆಕ್ಸೈಡ್ ಹೊರಬಿಡುತ್ತಾರೆ. ತಲೆಗೆ ಸೆಕೆಂಡಿಗೆ 10 ಲೀಟರ್ ಹೊರಗಾಳಿ ಸಿಕ್ಕರೆ ಒಳಗಿನ ಮಟ್ಟ ಹೊರಗಿನದಕ್ಕಿಂತ 500 ಪಿಪಿಎಂ ಮೇಲೆ ಹೋಗಿ ನಿಲ್ಲುತ್ತದೆ. 5 ಲೀಟರ್ ಮಾತ್ರ ಸಿಕ್ಕರೆ 1000 ಮೇಲೆ. ನಿಲ್ಲುವ ತನಕ ಕಾಯಬೇಕು ಅನ್ನುವುದು ಮುಖ್ಯ. ಅರ್ಧ ಗಂಟೆಯ ಮೀಟಿಂಗ್‌ನಲ್ಲಿ ಅದು ಇನ್ನೂ ಏರುತ್ತಲೇ ಇರುತ್ತದೆ.

ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ದಾರಿ ಇಳಿಕೆಯ ಲೆಕ್ಕ. ಎಲ್ಲರೂ ಎದ್ದು ಹೋದ ಮೇಲೆ ಕೋಣೆ ಖಾಲಿ ಇರುವಾಗ ಅಂಕಿ ಹೇಗೆ ಇಳಿಯುತ್ತದೆ ನೋಡಿ. ಉದಾಹರಣೆಗೆ ಹೊರಗೆ 420. ಕೋಣೆ ಖಾಲಿಯಾದಾಗ 1400 ಇತ್ತು, ಒಂದು ಗಂಟೆಯ ನಂತರ 700. ಹೊರಗಿನದನ್ನು ಕಳೆದರೆ 980 ಮತ್ತು 280. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 3.5. ಅದರ ನ್ಯಾಚುರಲ್ ಲಾಗ್ 1.25. ಅಂದರೆ ಆ ಕೋಣೆಯಲ್ಲಿ ಗಂಟೆಗೆ ಒಂದೂಕಾಲು ಸಲ ಗಾಳಿ ಬದಲಾಗುತ್ತಿದೆ. ಎಷ್ಟು ಜನ ಇದ್ದರು, ಯಾರು ಎಷ್ಟು ಉಸಿರಾಡಿದರು ಎಂಬ ಯಾವ ಊಹೆಯೂ ಬೇಡ. ಬಾಗಿಲು ಮುಚ್ಚಿರಬೇಕು, ಎಸಿ ಎಂದಿನಂತೆ ಓಡುತ್ತಿರಬೇಕು, ಅಷ್ಟೇ.

ಒಂದು ಎಚ್ಚರಿಕೆ. ಬಹಳಷ್ಟು ಸೆನ್ಸರ್‌ಗಳಲ್ಲಿ ತಾನಾಗೇ ತಿದ್ದಿಕೊಳ್ಳುವ ವ್ಯವಸ್ಥೆ ಇರುತ್ತದೆ. ಒಂದು ವಾರದಲ್ಲಿ ಕಂಡ ಅತಿ ಕಡಿಮೆ ಅಂಕಿಯನ್ನು ಅದು ಹೊರಗಾಳಿ ಎಂದುಕೊಂಡು ಸುಮಾರು 400ಕ್ಕೆ ಹೊಂದಿಸಿಕೊಳ್ಳುತ್ತದೆ. ಹಗಲು ರಾತ್ರಿ ಜನ ಇರುವ ಜಾಗದಲ್ಲಿ ಗಾಳಿ ಆ ಮಟ್ಟಕ್ಕೆ ಇಳಿಯುವುದೇ ಇಲ್ಲ. ಆಗ ಸೆನ್ಸರ್ ನಿಜಕ್ಕಿಂತ ಕಡಿಮೆ ತೋರಿಸುತ್ತಾ ಹೋಗುತ್ತದೆ. ಶುರುವಿನಲ್ಲಿ ಮತ್ತು ಕೊನೆಯಲ್ಲಿ ಎಲ್ಲ ಸೆನ್ಸರ್‌ಗಳನ್ನೂ ಒಟ್ಟಿಗೆ ಹೊರಗೆ ಇಟ್ಟು ಹೋಲಿಸಿ. ಕೋಣೆಯಲ್ಲಿ ಇಡುವಾಗ ಯಾರ ಮುಖದ ಎದುರೂ, ಡಿಫ್ಯೂಸರ್‌ನ ಕೆಳಗೂ ಬೇಡ.

ಮೂರನೇ ಮಹಡಿ:

ನಾನು ಈ ವಿಷಯ ಓದಿದವಳಲ್ಲ. ಇಂಥ ಕಟ್ಟಡದಲ್ಲಿ ದಿನವಿಡೀ ಕೂತು ಕೆಲಸ ಮಾಡುವವಳು. ಮೂರನೇ ಮಹಡಿ, ಕಂಬದ ಪಕ್ಕದ ಸೀಟು. ಬೆಳಿಗ್ಗೆ ಹನ್ನೊಂದರಿಂದ ಕೈ ಮರಗಟ್ಟುವಷ್ಟು ಚಳಿ. ಪ್ಲಾಂಟ್ ರೂಮ್ ಸರ್ ಬರೆದ ಶಾಲು ನನ್ನ ಕುರ್ಚಿಯ ಮೇಲೂ ಇದೆ.

ನಮಗೆ ಪ್ರಶ್ನಾವಳಿ ತುಂಬಾ ಸಲ ಬಂದಿದೆ. ಒಂದೊಂದರಲ್ಲೂ ಪುಟಗಟ್ಟಲೆ ಪ್ರಶ್ನೆ. ತುಂಬಿ ಕೊಟ್ಟಿದ್ದೇವೆ. ಒಮ್ಮೆಯೂ "ನೀವು ಹೇಳಿದ್ದರಿಂದ ಇದು ಗೊತ್ತಾಯಿತು, ಇದನ್ನು ಬದಲಾಯಿಸಿದೆವು" ಎಂದು ಯಾರೂ ವಾಪಸ್ ಬಂದು ಹೇಳಿಲ್ಲ. ಈಗ ನಮ್ಮಲ್ಲಿ ಯಾರೂ ಮನಸ್ಸಿಟ್ಟು ತುಂಬುವುದಿಲ್ಲ. ಎಲ್ಲದಕ್ಕೂ ನಡುವಿನ ಗುಂಡಿ ಒತ್ತಿ ಕಳಿಸುತ್ತಾರೆ. ಕಡೇ ಸೆಮಿಸ್ಟರ್ ಅವರೇ, ನೀವು ಏನೇ ಅಳೆಯಿರಿ, ಕೊನೆಗೆ ಅಲ್ಲಿ ಕೂತವರಿಗೆ ಒಂದು ಪುಟದಲ್ಲಿ ತಿಳಿಸಿ. ಅದು ಅವರ ಗಾಳಿ, ಅವರ ಮೈಯ ಚಳಿ, ಅಲ್ವಾ?

ಅಂಕಿ ಅಳತೆ:

ಮೂರನೇ ಮಹಡಿ ಮೇಡಂ ಹೇಳಿದ್ದು ಲೆಕ್ಕಶಾಸ್ತ್ರಕ್ಕೂ ಸೇರಿದ ಮಾತು. ಬೇಸತ್ತವರು ತುಂಬಿದ ಫಾರಂನಿಂದ ಯಾವ ಸಾಫ್ಟ್‌ವೇರೂ ಸತ್ಯ ತೆಗೆಯಲಾರದು.

ಪ್ರಶ್ನೆ ಕಡಿಮೆ ಮಾಡಿ. "ಕಳೆದ ಆರು ತಿಂಗಳಲ್ಲಿ ನಿಮ್ಮ ಕಚೇರಿ ಹೇಗಿತ್ತು" ಎಂದು ಕೇಳಿದರೆ ನಿನ್ನೆಯ ನೆನಪು ಬರುತ್ತದೆ. ಬದಲಿಗೆ "ಈಗ, ಈ ಕ್ಷಣ ಹೇಗಿದೆ" ಎಂದು ಕೇಳಿ. ಬಿಸಿಯೋ ತಂಪೋ ಅನ್ನುವುದರ ಜೊತೆ "ಹೀಗೇ ಇರಲಾ, ಬದಲಾಗಬೇಕಾ" ಎಂದೂ ಕೇಳಬೇಕು. ಸ್ವಲ್ಪ ತಂಪು ಅನ್ನುವ ಎಷ್ಟೋ ಜನರಿಗೆ ಅದೇ ಇಷ್ಟ ಇರುತ್ತದೆ. ಅರ್ಧ ನಿಮಿಷದಲ್ಲಿ ಮುಗಿಯುವಂತಿದ್ದರೆ ಅದೇ ಜನರನ್ನು ಬೇರೆ ಬೇರೆ ಹೊತ್ತಿನಲ್ಲಿ ಹಲವು ಸಲ ಕೇಳಬಹುದು. ಸೆನ್ಸರ್‌ನ ಅದೇ ನಿಮಿಷದ ಅಂಕಿಯ ಜೊತೆ ಜೋಡಿಸಬಹುದು. ಒಬ್ಬರನ್ನು ಅವರ ಜೊತೆಗೇ ಹೋಲಿಸಿದಂತಾಗುತ್ತದೆ. ಚಳಿ ತಡೆಯದವರು, ಬಿಸಿ ತಡೆಯದವರು ಎಂಬ ಗೊಂದಲ ಅರ್ಧ ಕಳೆಯುತ್ತದೆ.

ಇನ್ನೊಂದು. ಒಂದೇ ಹಾಲ್‌ನಲ್ಲಿ 60 ಜನ ಇದ್ದರೆ ನಿಮ್ಮ ಬಳಿ 60 ಬೇರೆ ಬೇರೆ ಪರಿಸರ ಇಲ್ಲ, ಇರುವುದು ಒಂದೇ. ಅವರೆಲ್ಲ ಅದೇ ಗಾಳಿ ಉಸಿರಾಡುತ್ತಿದ್ದಾರೆ. ಆ 60 ಉತ್ತರಗಳನ್ನು ಸ್ವತಂತ್ರ ಎಂದುಕೊಂಡು ಲೆಕ್ಕ ಹಾಕಿದರೆ ಇಲ್ಲದ ಸಂಬಂಧವೂ ಇದೆ ಎಂದು ಬರುತ್ತದೆ. ವಿದ್ಯಾರ್ಥಿಗಳ ಪ್ರಬಂಧದಲ್ಲಿ ನಾನು ಹೆಚ್ಚಾಗಿ ನೋಡುವ ಕೊರತೆ ಇದೇ. ಒಂದೇ ಗುಂಪಿನ ಉತ್ತರಗಳನ್ನು ಗುಂಪಾಗಿಯೇ ಲೆಕ್ಕಕ್ಕೆ ಹಿಡಿಯುವ ಮಿಕ್ಸ್ಡ್ ಮಾಡೆಲ್ ಎಂಬ ಕ್ರಮ ಕಲಿಯಲು ಸಮಯ ಇದ್ದರೆ ಕಲಿಯಿರಿ. ಇಲ್ಲದಿದ್ದರೆ ಅಂಕಿಗಳನ್ನು ಬರೀ ಚಿತ್ರದಲ್ಲಿ ತೋರಿಸಿ, ಇಷ್ಟು ಕಂಡಿತು ಎಂದು ನೇರವಾಗಿ ಬರೆಯಿರಿ. ಅದರಲ್ಲಿ ಕಡಿಮೆ ಏನೂ ಇಲ್ಲ.

ಡಕ್ಟ್ ವಿನ್ಯಾಸ:

ಚಳಿಯ ವಿಷಯ ಬಂದದ್ದರಿಂದ ಹೇಳುತ್ತೇನೆ. ನಾವು ಎಸಿ ವಿನ್ಯಾಸ ಮಾಡುವಾಗ ಬಳಸುವುದು ಡೆನ್ಮಾರ್ಕಿನ ಫ್ಯಾಂಗರ್ 1970ರಲ್ಲಿ ಪ್ರಕಟಿಸಿದ ಲೆಕ್ಕ. ಗಾಳಿಯ ಉಷ್ಣಾಂಶ, ಸುತ್ತಲ ಗೋಡೆ ಕಿಟಕಿಗಳಿಂದ ಬರುವ ಬಿಸಿ, ಗಾಳಿಯ ವೇಗ, ತೇವಾಂಶ, ತೊಟ್ಟ ಬಟ್ಟೆ, ಮಾಡುವ ಕೆಲಸ, ಈ ಆರನ್ನು ಇಟ್ಟು ಜನರ ಸರಾಸರಿ ಅನಿಸಿಕೆಯನ್ನು ಅದು ಊಹಿಸುತ್ತದೆ. ಎಲ್ಲವೂ ಅತ್ಯುತ್ತಮವಾಗಿ ಇದ್ದರೂ ನೂರಕ್ಕೆ 5 ಜನರಿಗೆ ಹಿಡಿಸುವುದಿಲ್ಲ ಎಂದು ಆ ಲೆಕ್ಕವೇ ಒಪ್ಪಿಕೊಳ್ಳುತ್ತದೆ. ಹಾಗಾಗಿ ಒಂದಿಬ್ಬರು ದೂರಿದರೆ ವ್ಯವಸ್ಥೆ ಕೆಟ್ಟಿದೆ ಎಂದು ಅರ್ಥವಲ್ಲ.

ಕಡೇ ಸೆಮಿಸ್ಟರ್ ಅವರಿಗೆ ಇದು ಒಳ್ಳೆಯ ವಿಷಯ ಆಗಬಹುದು. ಆರನ್ನೂ ಅಳೆದು, ಲೆಕ್ಕದ ಊಹೆಗೂ ಜನರ ಉತ್ತರಕ್ಕೂ ಹೋಲಿಸಿ.

ಮೂರನೇ ಮಹಡಿ:

ಸರ್, ಆ 5 ಜನರಲ್ಲಿ ಯಾವಾಗಲೂ ನಾವೇ ಯಾಕೆ? ನಮ್ಮ ಮಹಡಿಯಲ್ಲಿ ಶಾಲು ಹೊದ್ದವರು ಹೆಚ್ಚಿನವರು ಹೆಂಗಸರೇ.

ಗೈಡ್ ಮೇಷ್ಟ್ರು:

ಮೇಡಂ, ಇದಕ್ಕೆ ಆಧಾರ ಇದೆ. 2015ರಲ್ಲಿ ನೆದರ್‌ಲ್ಯಾಂಡ್ಸ್‌ನ ಕಿಂಗ್ಮಾ ಮತ್ತು ವಾನ್ ಮಾರ್ಕೆನ್ ಲಿಕ್ಟೆನ್‌ಬೆಲ್ಟ್ ಎಂಬ ಸಂಶೋಧಕರು ಇದರ ಬಗ್ಗೆ ಬರೆದರು. ಲೆಕ್ಕದಲ್ಲಿ ಬಳಸುವ "ಮೈ ಎಷ್ಟು ಬಿಸಿ ಹುಟ್ಟಿಸುತ್ತದೆ" ಎಂಬ ಅಂಕಿ ಸುಮಾರು 70 ಕಿಲೋ ತೂಕದ, 40 ವರ್ಷದ ಗಂಡಸಿನದು. ಹೆಂಗಸರ ವಿಷಯದಲ್ಲಿ ಅದು ಶೇಕಡಾ 35ರವರೆಗೂ ಹೆಚ್ಚಾಗಿರಬಹುದು ಎಂದು ಅವರು ತೋರಿಸಿದರು. ಅವರು ನೇರವಾಗಿ ಅಳೆದದ್ದು ಕೆಲವೇ ಯುವತಿಯರನ್ನು. ಆದ್ದರಿಂದ ಆ ಅಂಕಿಯನ್ನು ಎಲ್ಲ ಕಡೆ ಹಚ್ಚಬಾರದು. ಆದರೆ ಅವರು ಎತ್ತಿದ ಪ್ರಶ್ನೆ ಸರಿಯಾದದ್ದು. ಸರಾಸರಿಯ ಲೆಕ್ಕದಲ್ಲಿ ಯಾರ ಮೈ ಇದೆ ಎಂದು ಕೇಳಲೇಬೇಕು.

ಗಾಳಿ ಲೆಕ್ಕ:

ನೂರಕ್ಕೆ 5 ಅನ್ನುವುದನ್ನು ದೂರು ಪಕ್ಕಕ್ಕಿಡಲು ಬಳಸುವುದು ನನಗೆ ಒಪ್ಪಿಗೆ ಇಲ್ಲ. ಫ್ಯಾಂಗರ್ ಲೆಕ್ಕ ಹುಟ್ಟಿದ್ದು ಪ್ರಯೋಗ ಕೋಣೆಯಲ್ಲಿ, ಬಹುತೇಕ ಕಾಲೇಜು ವಿದ್ಯಾರ್ಥಿಗಳ ಮೇಲೆ. 1998ರಲ್ಲಿ ಡಿ ಡಿಯರ್ ಮತ್ತು ಬ್ರೇಗರ್ ಎಂಬ ಸಂಶೋಧಕರು ಹಲವು ದೇಶಗಳ 160 ಕಟ್ಟಡಗಳಿಂದ ಬಂದ ಅಂಕಿಗಳನ್ನು ಒಟ್ಟು ಮಾಡಿ ನೋಡಿದರು. ಕಿಟಕಿ ತೆರೆಯಲು ಬರುವ ಕಟ್ಟಡಗಳಲ್ಲಿ ಜನ ಹೊರಗಿನ ಹವೆಗೆ ತಕ್ಕಂತೆ ಹೊಂದಿಕೊಳ್ಳುತ್ತಾರೆ, ಆ ಲೆಕ್ಕ ಹೇಳುವುದಕ್ಕಿಂತ ವಿಶಾಲವಾದ ಉಷ್ಣಾಂಶದಲ್ಲಿ ಹಾಯಾಗಿ ಇರುತ್ತಾರೆ ಎಂದು ಕಂಡಿತು. ಕೈಯಲ್ಲಿ ಕಿಟಕಿಯ ಚಿಲಕ ಇದ್ದರೆ ಸಹಿಸುವ ಶಕ್ತಿಯೂ ಹೆಚ್ಚುತ್ತದೆ. ಮೂರನೇ ಮಹಡಿ ಮೇಡಂ ಕೈಯಲ್ಲಿ ಏನೂ ಇಲ್ಲ. ಶಾಲು ಬಿಟ್ಟರೆ.

ಡಕ್ಟ್ ವಿನ್ಯಾಸ:

ಒಪ್ಪುತ್ತೇನೆ. ಆದರೆ ಆ ಹೊಂದಾಣಿಕೆಯ ಮಾದರಿ ಕಿಟಕಿ ತೆರೆಯುವ ಕಟ್ಟಡಕ್ಕೆ ಮಾತ್ರ ಎಂಬುದನ್ನೂ ಹೇಳಬೇಕು. ಇವರದು ಮುಚ್ಚಿದ ಕಟ್ಟಡ, ಇಲ್ಲಿ ಅದನ್ನು ಹಚ್ಚಿದರೆ ಪರೀಕ್ಷಕರು ಮೊದಲು ಹಿಡಿಯುವುದೇ ಅದನ್ನು. ಮತ್ತೆ ಮೇಡಂ, ನಿಮ್ಮ ಕೈ ಮರಗಟ್ಟುವುದು ಆ 5ರ ಲೆಕ್ಕಕ್ಕೆ ಸೇರುವುದಿಲ್ಲ. ಹನ್ನೊಂದಕ್ಕೆ ಶುರುವಾಗುತ್ತದೆ ಅಂದರೆ ಯಾವುದೋ ಯಂತ್ರ ಆ ಹೊತ್ತಿಗೆ ಏನೋ ಮಾಡುತ್ತಿದೆ. ನಿಮ್ಮಲ್ಲಿ ಕಟ್ಟಡ ನೋಡಿಕೊಳ್ಳುವವರಿಗೆ ಹೊತ್ತನ್ನೂ ಸೇರಿಸಿ ಹೇಳಿ. ಹೊತ್ತು ಗೊತ್ತಾದರೆ ಹುಡುಕುವುದು ಸುಲಭ.

ಸದ್ದು ಗದ್ದಲ:

ಎಲ್ಲರೂ ಗಾಳಿ ಮತ್ತು ಬಿಸಿಯಲ್ಲೇ ನಿಂತಿರಿ. ತೆರೆದ ಕಚೇರಿಗಳಲ್ಲಿ ಜನ ಹೆಚ್ಚಾಗಿ ದೂರುವುದು ಸದ್ದಿನ ಬಗ್ಗೆ, ಅದರಲ್ಲೂ ಪಕ್ಕದವರ ಮಾತಿನ ಬಗ್ಗೆ. ಇಲ್ಲಿ ಡೆಸಿಬಲ್ ಅಳೆದರೆ ಪ್ರಯೋಜನ ಕಡಿಮೆ. ಎಸಿಯ ಗುಂಯ್ ಸದ್ದು ಜೋರಾಗಿದ್ದರೂ ಮನಸ್ಸು ಮರೆತುಬಿಡುತ್ತದೆ. ಮೆಲ್ಲಗೆ ಆಡಿದ, ಆದರೆ ಅರ್ಥವಾಗುವ ಮಾತು ಗಮನ ಕೀಳುತ್ತದೆ. ಅದಕ್ಕೇ ಐಎಸ್‌ಒ 3382 ಎಂಬ ಅಂತರರಾಷ್ಟ್ರೀಯ ಮಾನದಂಡದ ಮೂರನೇ ಭಾಗದಲ್ಲಿ ಮಾತು ಎಷ್ಟು ದೂರದವರೆಗೆ ಸ್ಪಷ್ಟವಾಗಿ ಕೇಳುತ್ತದೆ ಎಂದು ಅಳೆಯುವ ಕ್ರಮ ಕೊಟ್ಟಿದ್ದಾರೆ. ಆ ದೂರ ಕಡಿಮೆ ಇದ್ದಷ್ಟೂ ಒಳ್ಳೆಯದು.

2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬರ್ನ್‌ಸ್ಟೀನ್ ಮತ್ತು ಟರ್ಬನ್ ಎಂಬ ಸಂಶೋಧಕರು ಎರಡು ಕಂಪನಿಗಳಲ್ಲಿ ಗೋಡೆ ತೆಗೆದು ತೆರೆದ ಕಚೇರಿ ಮಾಡುವ ಮೊದಲು ಮತ್ತು ಆಮೇಲೆ ಅಳೆದರು. ನೌಕರರು ಕೊರಳಿಗೆ ಸೆನ್ಸರ್ ಹಾಕಿಕೊಂಡಿದ್ದರು. ಗೋಡೆ ಹೋದ ಮೇಲೆ ಎದುರು ಬದುರು ಮಾತುಕತೆ ಸುಮಾರು ಶೇಕಡಾ 70 ಕಡಿಮೆಯಾಯಿತು, ಇಮೇಲ್ ಹೆಚ್ಚಿತು. ಗೋಡೆ ತೆಗೆದದ್ದು ಜನ ಬೆರೆಯಲಿ ಎಂದು!

ಕಡೇ ಸೆಮಿಸ್ಟರ್:

ಎಲ್ಲರಿಗೂ ತುಂಬಾ ಧನ್ಯವಾದ. ಎಲ್ಲವನ್ನೂ ಓದಿ, ಗೈಡ್ ಜೊತೆ ಮಾತಾಡಿದೆ. ಪ್ಲಾಂಟ್ ರೂಮ್ ಸರ್ ಹೇಳಿದಂತೆ ಮೊದಲು ಕಂಪ್ಲೇಂಟ್ ರಿಜಿಸ್ಟರ್ ತೆಗೆದುಕೊಂಡೆ. ಎಣಿಸುತ್ತಾ ಹೋದಂತೆ ಒಂದೇ ಜಾಗ ಎದ್ದು ಬಂತು. ಎರಡನೇ ಮಹಡಿಯ ಒಳಭಾಗದ ಮೀಟಿಂಗ್ ಕೋಣೆಗಳು. ದೂರು ಹೆಚ್ಚಾಗಿ ಮಧ್ಯಾಹ್ನದ ನಂತರದ್ದು. "ಉಸಿರು ಕಟ್ಟುತ್ತದೆ", "ನಿದ್ದೆ ಬರುತ್ತದೆ", "ಎಸಿ ಕೆಲಸ ಮಾಡುತ್ತಿಲ್ಲ" ಎಂದು ಬರೆದಿದ್ದಾರೆ. ಎಸಿ ಕೆಲಸ ಮಾಡುತ್ತಿಲ್ಲ ಎಂದು ಬರೆದ ದಿನಗಳಲ್ಲೂ ಉಷ್ಣಾಂಶ ಸರಿಯಾಗೇ ಇತ್ತು ಎಂದು ಅಲ್ಲಿನ ಸಿಬ್ಬಂದಿ ಪಕ್ಕದಲ್ಲೇ ಷರಾ ಬರೆದಿದ್ದಾರೆ.

ಈಗ ನನ್ನ ಪ್ರಶ್ನೆ ಇಷ್ಟೇ: ಆ ಕೋಣೆಗಳಿಗೆ ಹೊರಗಾಳಿ ಎಷ್ಟು ಬರುತ್ತಿದೆ, ದೂರು ಬರುವ ಹೊತ್ತಿಗೂ ಅದಕ್ಕೂ ಸಂಬಂಧ ಇದೆಯೇ? ಪ್ರತಿ ಮೀಟಿಂಗ್ ಮುಗಿದಾಗ ಎರಡೇ ಪ್ರಶ್ನೆ ಕೇಳುತ್ತೇನೆ. ಎಷ್ಟು ಜನ ಇದ್ದರು ಎಂದು ತಿಳಿಯಲು ಬಾಗಿಲಿಗೆ ಸೆನ್ಸರ್ ಹಾಕಲೇ ಎಂದು ಯೋಚಿಸುತ್ತಿದ್ದೇನೆ.

ಅಂಕಿ ಅಳತೆ:

ಒಳ್ಳೆಯ ಪ್ರಶ್ನೆ. ಮೊದಲಿನ ಶೀರ್ಷಿಕೆಗಿಂತ ಸಾವಿರ ಪಾಲು ಮೇಲು. ಒಂದೇ ಬೇಡಿಕೆ: ಬೆಳಿಗ್ಗೆಯ ಮೀಟಿಂಗ್‌ಗಳನ್ನೂ ಅದೇ ರೀತಿ ಅಳೆಯಿರಿ. ಮಧ್ಯಾಹ್ನದ್ದು ಮಾತ್ರ ಅಳೆದರೆ ಊಟದ ನಂತರದ ತೂಕಡಿಕೆಗೂ ಗಾಳಿಗೂ ಬೇರ್ಪಡಿಸಲು ಆಗಲ್ಲ.

ಮೂರನೇ ಮಹಡಿ:

ಬಾಗಿಲ ಸೆನ್ಸರ್ ಹಾಕುವ ಮೊದಲು ಅಲ್ಲಿನ ಜನರಿಗೆ ಹೇಳಿದ್ದೀರಾ? ನಮ್ಮ ಹಾಜರಾತಿ ನೋಡುತ್ತಿದ್ದಾರೆ ಎಂದು ನಾವಾದರೆ ಅಂದುಕೊಳ್ಳುತ್ತೇವೆ.

ಗೈಡ್ ಮೇಷ್ಟ್ರು:

ಮೇಡಂ ಮಾತು ಬಹಳ ಮುಖ್ಯ. 2016ರಲ್ಲಿ ಬ್ರಿಟನ್‌ನ ಒಂದು ಪತ್ರಿಕಾ ಕಚೇರಿಯಲ್ಲಿ ಸಿಬ್ಬಂದಿ ಬೆಳಿಗ್ಗೆ ಬಂದು ನೋಡಿದರೆ ಮೇಜುಗಳ ಕೆಳಗೆ, ಅಲ್ಲಿ ಯಾರಾದರೂ ಕೂತಿದ್ದಾರೆಯೇ ಎಂದು ತಿಳಿಸುವ ಸೆನ್ಸರ್‌ಗಳಿದ್ದವು. ವಿದ್ಯುತ್ ಉಳಿತಾಯಕ್ಕೆ ಎಂಬ ಕಾರಣ ಕೊಟ್ಟರು. ಸುದ್ದಿ ಹೊರಬಂದ ದಿನವೇ ಅವನ್ನು ಕಿತ್ತು ಹಾಕಬೇಕಾಯಿತು. ಉದ್ದೇಶ ಒಳ್ಳೆಯದೇ ಇದ್ದರೂ ಹೇಳದೆ ಇಟ್ಟರೆ ನಂಬಿಕೆ ಹೋಗುತ್ತದೆ. ನಿಮಗೆ ಬೇಕಾದದ್ದು ತಲೆ ಎಣಿಕೆ ಮಾತ್ರ. ಮೀಟಿಂಗ್ ಕರೆದವರನ್ನೇ "ಎಷ್ಟು ಜನ ಇದ್ದಿರಿ" ಎಂದು ಕೇಳಿದರೆ ಸಾಕು. ಏನು ಅಳೆಯುತ್ತಿದ್ದೀರಿ, ಏನನ್ನು ಅಳೆಯುತ್ತಿಲ್ಲ, ಅಂಕಿ ಯಾರ ಕೈಗೆ ಹೋಗುತ್ತದೆ ಎಂದು ಬಾಗಿಲ ಮೇಲೆ ಒಂದು ಹಾಳೆ ಅಂಟಿಸಿ. ನಿಮ್ಮ ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆಯನ್ನೂ ಮೊದಲೇ ತೆಗೆದುಕೊಳ್ಳಿ.

ಪ್ಲಾಂಟ್ ರೂಮ್:

ಕಡೇ ಸೆಮಿಸ್ಟರ್ ಅವರೇ, ಬಿಎಂಎಸ್ (ಕಟ್ಟಡದ ಯಂತ್ರಗಳನ್ನು ನಡೆಸುವ ಕಂಪ್ಯೂಟರ್ ವ್ಯವಸ್ಥೆ) ಸ್ಕ್ರೀನ್‌ನಲ್ಲಿ ಹೊರಗಾಳಿ ಡ್ಯಾಂಪರ್ ಎಷ್ಟು ತೆರೆದಿದೆ ಎಂದು ತೋರಿಸುತ್ತದೆ. ಅದನ್ನು ನಂಬಿ ಬರೆಯಬೇಡಿ. ಸ್ಕ್ರೀನ್ ತೋರಿಸುವುದು ಎಷ್ಟೋ ಸಲ ತಾನು ಕೊಟ್ಟ ಆದೇಶವನ್ನು. ಡ್ಯಾಂಪರ್ ಆ ಮಾತು ಕೇಳಿತಾ ಅನ್ನುವುದು ಬೇರೆ. ಅಲ್ಲಿನ ಟೆಕ್ನೀಷಿಯನ್ ಜೊತೆ ಎಎಚ್‌ಯು ರೂಮಿಗೆ ಹೋಗಿ. ಡ್ಯಾಂಪರ್‌ನ ಶಾಫ್ಟ್ ತುದಿಗೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆಯಿರಿ. ಸ್ಕ್ರೀನ್‌ನಿಂದ ಸೊನ್ನೆಗೆ ಹಾಕಿಸಿ, ಆಮೇಲೆ ನೂರಕ್ಕೆ ಹಾಕಿಸಿ. ಮೋಟಾರ್ ತಿರುಗುವ ಸದ್ದು ಕೇಳಿದರೆ ಸಾಲದು, ಆ ಗೆರೆ ತಿರುಗಬೇಕು. ನೀವೊಬ್ಬರೇ ಹೋಗಬೇಡಿ, ಒಳಗೆ ಕೈ ಹಾಕಬೇಡಿ. ಫ್ಯಾನ್ ಓಡುತ್ತಿರುತ್ತದೆ.

ಕಡೇ ಸೆಮಿಸ್ಟರ್:

ಬಹಳ ದಿನದ ನಂತರ ಬರೆಯುತ್ತಿದ್ದೇನೆ. ಅಳತೆ ಮುಗಿಯಿತು. ಏನಾಯಿತು ಎಂದು ಹೇಳಬೇಕು, ನೀವೆಲ್ಲ ಇಷ್ಟು ಸಮಯ ಕೊಟ್ಟಿದ್ದೀರಿ.

ಮೀಟಿಂಗ್ ಕೋಣೆಗಳಲ್ಲಿ ಜನ ತುಂಬಿದಾಗ ಕಾರ್ಬನ್ ಡೈಆಕ್ಸೈಡ್ ಸಾವಿರ ದಾಟಿ ಏರುತ್ತಲೇ ಇತ್ತು. ಬೆಳಿಗ್ಗೆಯೂ ಹಾಗೇ ಏರುತ್ತಿತ್ತು. ಆದರೆ ಬೆಳಿಗ್ಗೆ ಮೀಟಿಂಗ್‌ಗಳ ನಡುವೆ ಬಿಡುವು ಇರುತ್ತಿತ್ತು, ಮಧ್ಯಾಹ್ನ ಒಂದರ ಹಿಂದೆ ಒಂದು. ಮೊದಲ ಮೀಟಿಂಗ್‌ನವರು ಬಿಟ್ಟುಹೋದ ಗಾಳಿಯಲ್ಲೇ ಎರಡನೆಯವರು ಕೂರುತ್ತಿದ್ದರು. ಗಾಳಿ ಲೆಕ್ಕ ಸರ್ ಹೇಳಿದ ಇಳಿಕೆಯ ಲೆಕ್ಕ ಸಂಜೆ ಎಲ್ಲರೂ ಹೋದ ಮೇಲೆ ಮಾಡಿದೆ. ಗಾಳಿ ಬದಲಾಗುವ ವೇಗ ವಿನ್ಯಾಸದ ನಕ್ಷೆಯಲ್ಲಿ ಬರೆದಿದ್ದಕ್ಕಿಂತ ತೀರಾ ಕಡಿಮೆ ಬಂತು.

ಆಮೇಲೆ ಡ್ಯಾಂಪರ್. ಟೆಕ್ನೀಷಿಯನ್ ಗೆರೆ ಎಳೆದರು, ಸ್ಕ್ರೀನ್‌ನಲ್ಲಿ ನೂರು ಹಾಕಿಸಿದರು. ಮೋಟಾರ್ ಪೂರ್ತಿ ತಿರುಗಿತು. ಶಾಫ್ಟ್ ಅಲುಗಲಿಲ್ಲ. ಎರಡನ್ನೂ ಹಿಡಿದಿರುವ ಕ್ಲಾಂಪ್ ಸಡಿಲವಾಗಿತ್ತು. ಎಲೆಗಳು ಬಹುತೇಕ ಮುಚ್ಚಿಕೊಂಡೇ ಇದ್ದವು. ಎಸಿ ಅದೇ ಗಾಳಿಯನ್ನು ತಂಪು ಮಾಡಿ ಮತ್ತೆ ಮತ್ತೆ ಕಳಿಸುತ್ತಿತ್ತು. ಉಷ್ಣಾಂಶ ಸರಿ ಇತ್ತು ಎಂದು ಸಿಬ್ಬಂದಿ ಬರೆದದ್ದೂ ನಿಜ, ಉಸಿರು ಕಟ್ಟುತ್ತದೆ ಎಂದು ಜನ ಬರೆದದ್ದೂ ನಿಜ. ಕ್ಲಾಂಪ್ ಬಿಗಿ ಮಾಡಿದರು. ಮತ್ತೆ ಇಳಿಕೆಯ ಲೆಕ್ಕ ಮಾಡಿದೆ, ನಕ್ಷೆಯ ಅಂಕಿಗೆ ಹತ್ತಿರ ಬಂತು.

ಪ್ಲಾಂಟ್ ರೂಮ್:

ಓದಿ ತುಂಬಾ ಸಂತೋಷ ಆಯಿತು. ಆ ಟೆಕ್ನೀಷಿಯನ್‌ಗೆ ಕೃತಜ್ಞತೆಯ ಪುಟದಲ್ಲಿ ಒಂದು ಸಾಲು ಬರೆಯಿರಿ. ನಮ್ಮವರ ಕೆಲಸ ಯಾವ ಪ್ರಬಂಧದಲ್ಲೂ ಕಾಣುವುದಿಲ್ಲ. ಮತ್ತೆ ಹೊರಗಾಳಿ ಜಾಸ್ತಿ ಬಂದರೆ ಚಿಲ್ಲರ್ ಮೇಲೆ ಹೊರೆಯೂ ಜಾಸ್ತಿ. ವಿದ್ಯುತ್ ಬಳಕೆ ಏರಿದಾಗ ಯಾರಾದರೂ ಅದನ್ನು ಮತ್ತೆ ಮುಚ್ಚಿಸುತ್ತಾರೆ. ಅದಕ್ಕೆ ಮೊದಲೇ ಉತ್ತರ ಬರೆದಿಡಿ: ಖಾಲಿ ಕೋಣೆಗೆ ಗಾಳಿ ಬೇಡ, ಜನ ಇರುವಾಗ ಬೇಕು. ಕೋಣೆಯ ಕಾರ್ಬನ್ ಡೈಆಕ್ಸೈಡ್ ನೋಡಿ ಡ್ಯಾಂಪರ್ ತೆರೆಯುವ ವ್ಯವಸ್ಥೆ ಮಾಡಬಹುದು.

ಅಂಕಿ ಅಳತೆ:

ದುರಸ್ತಿ ಆದ ಮೇಲೆ ಜನರ ಉತ್ತರ ಬದಲಾಯಿತೇ?

ಕಡೇ ಸೆಮಿಸ್ಟರ್:

ಉಸಿರು ಕಟ್ಟುವ ದೂರು ಕಡಿಮೆಯಾಯಿತು. ನಿದ್ದೆ ಬರುತ್ತದೆ ಅನ್ನುವುದು ಅಷ್ಟು ಬದಲಾಗಲಿಲ್ಲ. ದುರಸ್ತಿ ಆಗಿದೆ ಎಂದು ಎಲ್ಲರಿಗೂ ಗೊತ್ತಿತ್ತು, ಆದ್ದರಿಂದ ಉತ್ತರ ಬದಲಾದದ್ದು ಗಾಳಿಯಿಂದಲೋ ಆ ಸುದ್ದಿಯಿಂದಲೋ ಎಂದು ಬೇರ್ಪಡಿಸಲು ನನ್ನ ಅಳತೆಯಿಂದ ಆಗದು. ಇರುವುದು ಒಂದೇ ಕಟ್ಟಡ. ಹಾಗೇ ಬರೆದಿದ್ದೇನೆ. ಗಾಳಿ ಬದಲಾದದ್ದಕ್ಕೆ ಮಾತ್ರ ಗಟ್ಟಿ ಆಧಾರ ಇದೆ.

ಅಂಕಿ ಅಳತೆ:

ಸರಿಯಾಗಿ ಬರೆದಿದ್ದೀರಿ. ಆ ಪ್ಯಾರಾವನ್ನು ಕೊನೆಯ ಅಧ್ಯಾಯಕ್ಕೆ ತಳ್ಳಬೇಡಿ, ಫಲಿತಾಂಶದ ಪಕ್ಕದಲ್ಲೇ ಇಡಿ.

ಮೂರನೇ ಮಹಡಿ:

ಅಲ್ಲಿ ಕೂತವರಿಗೆ ತಿಳಿಸಿದಿರಾ?

ಕಡೇ ಸೆಮಿಸ್ಟರ್:

ತಿಳಿಸಿದೆ ಮೇಡಂ. ಒಂದು ಪುಟ, ಒಂದು ಗ್ರಾಫ್, ಆರು ಸಾಲು. ಆ ಕೋಣೆಗಳ ಬಾಗಿಲ ಮೇಲೇ ಅಂಟಿಸಿದ್ದೇವೆ. ಮೀಟಿಂಗ್‌ಗಳ ನಡುವೆ ಸ್ವಲ್ಪ ಹೊತ್ತು ಬಾಗಿಲು ತೆರೆದಿಡಿ ಎಂದೂ ಬರೆದಿದ್ದೇನೆ. ಅದನ್ನು ಓದಿ ಪಕ್ಕದ ವಿಭಾಗದವರು ನಮ್ಮ ಕೋಣೆಯನ್ನೂ ನೋಡಿ ಎಂದು ಕೇಳಿದ್ದಾರೆ. ನಿಮ್ಮ ಹನ್ನೊಂದು ಗಂಟೆಯ ಚಳಿ ಏನಾಯಿತು?

ಮೂರನೇ ಮಹಡಿ:

ಹೊತ್ತು ಸೇರಿಸಿ ದೂರು ಕೊಟ್ಟೆ. ಬಂದು ನೋಡಿದರು. ಆ ಹೊತ್ತಿಗೆ ಪೂರ್ವದ ಕಿಟಕಿಯ ಬಿಸಿಲು ಥರ್ಮೋಸ್ಟಾಟ್ ಮೇಲೆ ಬೀಳುತ್ತಿತ್ತಂತೆ. ಅದನ್ನು ಒಳಗಿನ ಕಂಬಕ್ಕೆ ಸರಿಸುತ್ತೇವೆ ಎಂದಿದ್ದಾರೆ, ಇನ್ನೂ ಸರಿಸಿಲ್ಲ. ಈ ವಾರ ಮತ್ತೆ ಕೇಳುತ್ತೇನೆ.